ಬೆಸುಗೆ ಹಾಕಿದ ಸೀಟು

ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರಣ್ಣನಿಗೆ ಡಿಪೋದವರು ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಸೊಂಟನೋವನ್ನು ಅವನು ತಾನಾಗಿಯೇ ತಂದುಕೊಂಡ. ಗಡಿಯಾರ ಆರು ತಿಂಗಳಿಗೇ ನಿಂತುಹೋಯಿತು, ಸೊಂಟನೋವು ಮಾತ್ರ ತಪ್ಪದೆ ಡ್ಯೂಟಿ ಮಾಡುತ್ತಿತ್ತು.

ಮನೆಯ ಹಿಂದೆ ಎರಡು ಎಕರೆ ನಿಂಬೆತೋಟ. ಅವನು ಬಸ್ಸಿನಲ್ಲಿದ್ದರೆ, ಮದುವೆಯಾದಾಗಿನಿಂದ ಅದನ್ನು ನೋಡಿಕೊಂಡವಳು ಹೆಂಡತಿ. ನಿಂಬೆ ಕಾಯಿ ಬಿಡುವುದಕ್ಕಾದರೂ ಒಂದು ಹೊತ್ತುಗೊತ್ತು ಉಂಟು, ಕಳೆಗೆ ಅದೂ ಇಲ್ಲ. ಗುದ್ದಲಿ ಹಿಡಿದು ಮೊದಲ ಸಾಲಿನಿಂದ ಹೊರಟು ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಮೊದಲ ಸಾಲು ಮತ್ತೆ ಹಸಿರಾಗಿರುತ್ತಿತ್ತು. ಹೀಗೆ ಕೆತ್ತಿ ಕೆತ್ತಿ ಅವಳ ಬಲಭುಜ ಸೋತುಹೋಗಿತ್ತು. ತಲೆ ಬಾಚಿಕೊಳ್ಳಲು ಕೈ ಕಿವಿಯವರೆಗೆ ಏರುತ್ತಿತ್ತು, ಅದರ ಮೇಲೆ ಏರುತ್ತಿರಲಿಲ್ಲ. ತಲೆಯನ್ನೇ ಕೈಗೆ ಬಗ್ಗಿಸಿ ಬಾಚಿಕೊಳ್ಳುತ್ತಿದ್ದಳು.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಮುಂದಿನ ಕಳೆಗೂ ನೀವೇ ಗುದ್ದಲಿ ಹಿಡಿದ್ರೆ ಈ ಕೈ ಆಮೇಲೆ ಏಳೋದೇ ಇಲ್ಲಮ್ಮ. ಆಗ ನನ್ನ ಹತ್ರ ಬಂದು ಪ್ರಯೋಜನ ಇಲ್ಲ," ಎಂದರು. ಆಳುಗಳು ಹುಡುಕಿದರೂ ಸಿಗದ ಕಾಲ. ಮುಂದಿನ ಮಳೆಗೆ ಕಳೆ ಏಳುವ ಮೊದಲು ಒಂದು ಮಿನಿ ಟ್ರ್ಯಾಕ್ಟರ್ ತಂದೇ ತರುತ್ತೇನೆ ಎಂದು ಡ್ರೈವರಣ್ಣ ಅಲ್ಲೇ, ಡಾಕ್ಟರ ಮುಂದೆಯೇ ಮಾತು ಕೊಟ್ಟ.

ಮಾತು ಕೊಟ್ಟಷ್ಟು ಸುಲಭವಾಗಿ ಗಾಡಿ ಆರಿಸುವುದು ಆಗಲಿಲ್ಲ. ನಿಂಬೆಯ ಮುಳ್ಳುಕೊಂಬೆಗಳು ಎರಡೂ ಕಡೆಯಿಂದ ಚಾಚಿಕೊಂಡು ಸಾಲಿನ ನಡುವೆ ಉಳಿಯುವುದು ನಾಲ್ಕೂವರೆ ಅಡಿ. ದೊಡ್ಡ ಗಾಡಿ ನುಗ್ಗುವಂತಿಲ್ಲ. ಚಿಕ್ಕ ಗಾಡಿ ಇಟ್ಟುಕೊಂಡವರ ಮನೆ ಮನೆಗೆ ಹೋಗಿ ಕೇಳಿದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ, ಒಬ್ಬನೂ ತನ್ನ ಗಾಡಿಯ ಹುಳುಕು ಹೇಳಲಿಲ್ಲ. ದ್ರಾಕ್ಷಿ ತೋಟದವನು, "ಡೀಸೆಲ್ ವಾಸನೆ ತೋರಿಸಿದ್ರೆ ಸಾಕಣ್ಣಾ, ದಿನವಿಡೀ ಓಡುತ್ತೆ," ಎಂದ. ಅವನ ಬೆನ್ನ ಹಿಂದೆ ನಿಂತಿದ್ದ ಅವನ ತಾಯಿ, ನಂಬಬೇಡ ಎಂದು ಕೈಯಾಡಿಸುತ್ತಿದ್ದಳು. ಹೂವಿನ ತೋಟದವನ ಗಾಡಿ ಅವನು ಹೊಗಳುತ್ತಿದ್ದಾಗಲೇ ನಿಂತುಹೋಗಿ, ನಾಲ್ಕು ಜನ ತಳ್ಳಬೇಕಾಯಿತು. ತಳ್ಳಿದ ನಾಲ್ವರಲ್ಲಿ ಡ್ರೈವರಣ್ಣನ ಹೆಂಡತಿಯೂ ಒಬ್ಬಳು, ಎಡಗೈಯಲ್ಲಿ.

ಹೋದಲ್ಲೆಲ್ಲ ಅವಳು ಜೊತೆಗಿದ್ದಳು. ಅವನ ಚೀಲ, ನೀರಿನ ಬಾಟಲಿ, ಕೊಡೆ ಹಿಡಿದು ಒಂದು ಕಡೆ ನಿಂತಿರುತ್ತಿದ್ದಳು. ಅವನು ಗಾಡಿ ಹತ್ತಿ, ಕಣ್ಣು ಮುಚ್ಚಿ, ಕ್ಲಚ್ಚು ಒತ್ತಿ, ಸೊಂಟವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದ. "ಗಾಡಿ ಅಂದ್ರೆ ಸೀಟು. ಮಿಕ್ಕಿದ್ದೆಲ್ಲ ಕಬ್ಬಿಣ," ಎಂದು ಟ್ರ್ಯಾಕ್ಟರ್ ಅಂಗಡಿಯವರಿಗೆ ಪಾಠ ಮಾಡುತ್ತಿದ್ದ. ಮೂರು ತಿಂಗಳು ಹೀಗೆ ಅಳೆದೂ ಸುರಿದೂ ಕೊನೆಗೊಂದು ಕೆಂಪು ಗಾಡಿ ಗೊತ್ತುಮಾಡಿದ.

ಗಾಡಿ ಮನೆಗೆ ಬರಲಿಲ್ಲ, ಮೊದಲು ವೆಲ್ಡರನ ಅಂಗಡಿಗೆ ಹೋಯಿತು. ಇದು ಅವನ ಡಿಪೋದ ಹಳೇ ಚಾಳಿ. ಅಲ್ಲಿ ಒಂದೇ ಬಸ್ಸನ್ನು ಇಬ್ಬರು ಮೂವರು ಓಡಿಸುತ್ತಿದ್ದರು. ಒಬ್ಬ ಗಿಡ್ಡ, ಒಬ್ಬ ಉದ್ದ, ದಿನ ಬೆಳಗಾದರೆ ಸೀಟು ಹಿಂದೆ ಮುಂದೆ ಎಳೆದಾಡುವ ಜಗಳ. ಸೀನಿಯರ್ ಆದವನು ಸೀಟನ್ನು ತನ್ನ ಕಾಲಿನ ಅಳತೆಗೆ ಸರಿಸಿ, ಕೆಳಗಿನ ಹಳಿಗೆ ಬೆಸುಗೆ ಹಾಕಿಸಿಬಿಡುತ್ತಿದ್ದ. ಆಮೇಲೆ ಅದು ಅವನ ಬಸ್ಸು. ಡ್ರೈವರಣ್ಣ ತನ್ನ ಕಾಲದಲ್ಲಿ ಐದು ಬಸ್ಸುಗಳ ಸೀಟಿಗೆ ಹೀಗೆ ಬೆಸುಗೆ ಹಾಕಿಸಿದ್ದ. ಈ ಪುಟ್ಟ ಟ್ರ್ಯಾಕ್ಟರಿನ ಸೀಟಿಗೂ ಜಾರುವ ಹಳಿಯಿತ್ತು. ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿಸಿ, ಎರಡು ಕಡೆ ಗಟ್ಟಿಯಾಗಿ ಬೆಸುಗೆ ಹಾಕಿಸಿಕೊಂಡು, ಮದುಮಗನ ಹಾಗೆ ಕೂತು ಮನೆಗೆ ಬಂದ.

ಒಂಬತ್ತು ದಿನ ತೋಟದಲ್ಲಿ ಅವನದೇ ದರ್ಬಾರು. ಹಿಂದೆ ರೋಟವೇಟರ್ ಮಣ್ಣು ಅಗೆಯುತ್ತಿದ್ದರೆ ಮುಂದೆ ಅವನು ಹಾರ್ನ್ ಹೊಡೆಯುತ್ತಿದ್ದ. ನಿಂಬೆಗಿಡಗಳು ಯಾರಿಗೆ ದಾರಿ ಬಿಡಬೇಕಿತ್ತೋ ದೇವರೇ ಬಲ್ಲ. ಹೆಂಡತಿ ಮನೆಯ ಹಿಂಬಾಗಿಲಲ್ಲಿ ಕೂತು, ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ನೋಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅವಳು ಹಗಲುಹೊತ್ತು ಸುಮ್ಮನೆ ಕೂತದ್ದು ಅದೇ.

ಹತ್ತನೆಯ ದಿನ ಅವನು ಗಾಡಿಯಿಂದ ಇಳಿಯಲಾಗದೆ ಅಲ್ಲೇ ಕೂತ. ಸೊಂಟದಿಂದ ಕೆಳಗೆ ಎಡಗಾಲು ಜೋಮು ಹಿಡಿದಿತ್ತು. ಇಬ್ಬರು ನೆರೆಯವರು ಎತ್ತಿ ತಂದು ಮಲಗಿಸಿದರು. "ಬಸ್ಸಿನ ಕುಲುಕಾಟವೇ ನಿಮ್ಮ ಪಾಲಿಗೆ ಹೆಚ್ಚಾಗಿತ್ತು, ಈಗ ಇದು ಬೇರೆ," ಎಂದರು ಅದೇ ಡಾಕ್ಟರು. "ಹೊಲದ ಗಾಡಿ ಇನ್ನು ಹತ್ತಲೇಬೇಡಿ." ಅವನು ಗೋಡೆಯ ಕಡೆ ಮುಖ ಮಾಡಿದ. ನಿಂತುಹೋದ ಗಡಿಯಾರ ಎದುರಿಗೇ ಇತ್ತು. ಹೊರಗೆ ಕಳೆ ಏಳುತ್ತಿತ್ತು. ಮಲಗಿ ಮಲಗಿಯೂ ಇಷ್ಟು ದಣಿವಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮೂರು ವಾರ ಕಳೆದು ಕೋಲೂರಿಕೊಂಡು ತೋಟಕ್ಕೆ ಬಂದರೆ, ಮೊದಲು ಕಂಡದ್ದು ಹೆಂಡತಿಯ ಬೆನ್ನು. ಬಲಗೈಯನ್ನು ಹೊಟ್ಟೆಗೆ ಅವುಚಿಕೊಂಡು ಎಡಗೈ ಒಂದರಲ್ಲೇ ಕಳೆ ಕೆತ್ತುತ್ತಿದ್ದಳು. ಹತ್ತು ಏಟಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ಅವನಿಗೆ ಸಂಕಟವಾಯಿತು. ಮಾತು ಕೊಟ್ಟ ದಿನ ಅವಳ ಮುಖ ಹೇಗೆ ಹಗುರಾಗಿತ್ತು ಎಂಬುದು ನೆನಪಾಗಿ ಇನ್ನಷ್ಟು ಸಂಕಟವಾಯಿತು.

ಆಮೇಲೆ ಎರಡನೆಯ ಸಾಲಿನ ತುದಿಯ ಗಿಡ ಕಣ್ಣಿಗೆ ಬಿತ್ತು. ಕಾಂಡ ಸೀಳಿತ್ತು. ಸೀಳಿದ ಜಾಗಕ್ಕೆ ಹಳೆಯ ಟವೆಲ್ಲು ಸುತ್ತಿ, ಹಗ್ಗ ಬಿಗಿದು ಕಟ್ಟಿತ್ತು. ಶೆಡ್ಡಿನಲ್ಲಿದ್ದ ಗಾಡಿಯ ಮುಂದಿನ ಬಂಪರಿನಲ್ಲಿ ನಿಂಬೆಯ ತೊಗಟೆ ಅಂಟಿಕೊಂಡಿತ್ತು.

"ಏನೇ ಇದು? ಗಾಡಿ ಮುಟ್ಟಿದ್ಯಾ ನೀನು?"

ಅವಳು ಗುದ್ದಲಿ ಊರಿ ನಿಂತಳು. "ಒಂದೇ ಒಂದಿನ. ಮೊದಲನೇ ಸಾಲು ಹೇಗೋ ಮುಗಿಸಿದೆ. ತಿರುಗಿಸುವಾಗ ಕ್ಲಚ್ಚಿಗೆ ಕಾಲು ಎಟುಕಲಿಲ್ಲ ಕಣ್ರೀ. ಸೀಟಿನ ತುದಿಗೆ ಜಾರಿ ಹೆಬ್ಬೆರಳಲ್ಲಿ ಒತ್ತಿದ್ದೆ, ತಪ್ಪಿಹೋಯ್ತು. ನೆಗೆದು ಗಿಡಕ್ಕೆ ಹೋಯ್ತು."

"ನಿನಗೆ ಓಡಿಸೋಕೆ ಯಾರು ಹೇಳಿಕೊಟ್ರು?"

"ಮೂರು ತಿಂಗಳು ನೀವು ಅಂಗಡಿಯವರಿಗೆಲ್ಲ ಪಾಠ ಹೇಳ್ತಿದ್ರಲ್ಲ, ನಾನೂ ಅಲ್ಲೇ ಇದ್ದೆ," ಎಂದು ಅವಳು ಮತ್ತೆ ಬಗ್ಗಿದಳು. ಕೊಂಕಾಡುವ ಶಕ್ತಿಯೂ ಆ ದನಿಯಲ್ಲಿ ಉಳಿದಿರಲಿಲ್ಲ.

ಅವನು ಶೆಡ್ಡಿಗೆ ಹೋಗಿ ಸೀಟಿನ ಕೆಳಗೆ ಕೈಹಾಕಿ ನೋಡಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಡ್ರೈವರಣ್ಣನ ಒಲೆ ಈಗ ಉರಿಯಿತು. ಬೆಸುಗೆ ಇಲ್ಲದಿದ್ದರೆ ಬೆರಳಲ್ಲಿ ಒಂದು ಕೊಂಡಿ ಎತ್ತಿ ಸೀಟು ಮುಂದಕ್ಕೆ ಎಳೆದುಕೊಂಡರಾಗುತ್ತಿತ್ತು. ಅಷ್ಟೇ ಕೆಲಸ.

ಗಾಡಿ ಕೊಂಡ ಅಂಗಡಿಗೆ ಫೋನು ಮಾಡಿದರೆ, ವೆಲ್ಡಿಂಗ್ ಮಾಡಿಸಿದ ಗಾಡಿ ನಾವು ಮುಟ್ಟುವುದಿಲ್ಲ ಎಂದರು. ಕೊನೆಗೆ ಆ ವೆಲ್ಡರನೇ ಕತ್ತರಿಸುವ ಮಿಷನ್ನು ತೆಗೆದುಕೊಂಡು ಮನೆಗೆ ಬಂದ. ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬೀಗ ಇಲ್ಲ. ಕೆಲಸ ಮಾಡುತ್ತ ಮಾಡುತ್ತಲೇ ಶುರುಮಾಡಿದ.

"ಅವತ್ತೇ ಕೇಳಿದ್ದೆನಲ್ಲ ಅಣ್ಣಾ, ಮನೇಲಿ ಬೇರೆ ಯಾರೂ ಓಡಿಸಲ್ವಾ ಅಂತ?"

"ಕೇಳಿದ್ಯಾ?"

"ಕೇಳಿದ್ದೆ. 'ಬೇರೆ ಯಾರಿದ್ದಾರೆ ಇಲ್ಲಿ' ಅಂದ್ರಿ. ಬಿಸಿಲಂದ್ರೆ ಬಿಸಿಲು ಅವತ್ತು. ಅತ್ತಿಗೆ ನಿಮ್ಮ ಹಿಂದೇನೇ ನಿಂತು ನಿಮಗೆ ಕೊಡೆ ಹಿಡಿದಿದ್ರು."

ಡ್ರೈವರಣ್ಣನಿಗೆ ಕೊಡೆಯ ನೆರಳು ನೆನಪಿತ್ತು. ಹಿಡಿದವರು ನೆನಪಿರಲಿಲ್ಲ. ಯಾವ ಕೈಯಲ್ಲಿ ಹಿಡಿದಿದ್ದಳು, ಎಷ್ಟು ಹೊತ್ತು ಹಿಡಿದಿದ್ದಳು ಎಂದು ಯೋಚಿಸಿದ. ಆ ಯೋಚನೆಗೆ ಕೊನೆಯಿರಲಿಲ್ಲ, ನಾಚಿಕೆಯಾಯಿತು.

ಬೆಸುಗೆ ಕಳಚಿತು. ವೆಲ್ಡರ್ ಸೀಟನ್ನು ಮುಂದಕ್ಕೆ ತಳ್ಳಿ, "ಎಷ್ಟು ಬರಲಿ ಅಣ್ಣಾ? ಅತ್ತಿಗೆ ಕಾಲಿನ ಅಳತೆ ಹೇಳಿ," ಎಂದ.

ಮದುವೆಯಾಗಿ ಇಪ್ಪತ್ತೆಂಟು ವರ್ಷ. ಐದು ಬಸ್ಸಿನ ಸೀಟುಗಳ ಅಳತೆ ಈಗಲೂ ಇಂಚಿಂಚು ಹೇಳಬಲ್ಲ ಮನುಷ್ಯ, ತನ್ನ ಕಾಲಿನ ಮೇಲೆ ಗೇಣು ಹಾಕಿ ನೋಡಿ ಕೈಬಿಟ್ಟ. "ಅವಳನ್ನೇ ಕರೀತೀನಿ," ಎಂದು ಕೋಲೂರಿಕೊಂಡು ತಾನೇ ಸಾಲಿನ ತುದಿಯವರೆಗೆ ಹೋದ.

ಅವಳು ಕಾಲಿನ ಮಣ್ಣು ಒರೆಸಿಕೊಂಡು ಹತ್ತಿ ಕೂತಳು. ಸೀಟು ಎರಡು ಸಲ ಜರುಗಿತು. ಕಾಲು ಕ್ಲಚ್ಚಿನ ಮೇಲೆ ಪೂರ್ತಿ ಕೂತಿತು. ಒತ್ತಿ ಬಿಟ್ಟು, ಇನ್ನೊಮ್ಮೆ ಒತ್ತಿ ನೋಡಿದಳು. ವೆಲ್ಡರನಿಗೆ ಹುರುಪು ಬಂತು.

"ಅತ್ತಿಗೇ, ಇಲ್ಲೇ ಎರಡು ಚುಕ್ಕಿ ಬೆಸುಗೆ ಹಾಕಿಬಿಡ್ತೀನಿ. ಆಮೇಲೆ ಯಾರಪ್ಪನಿಂದಲೂ ಅಲ್ಲಾಡಿಸೋಕೆ ಆಗಲ್ಲ."

ಡ್ರೈವರಣ್ಣ ಹೆಂಡತಿಯ ಮುಖ ನೋಡಿದ. ಅವಳು ಹಾಕು ಎಂದರೆ ಅದು ನ್ಯಾಯವೇ ಎಂದುಕೊಂಡ.

"ಬೇಡಪ್ಪ," ಎಂದಳು ಅವಳು. "ಜಾರೋ ಹಾಗೇ ಇರಲಿ. ಸೊಂಟ ಸ್ವಲ್ಪ ಸರಿಹೋದ್ರೆ ಇವರಿಗೂ ಒಂದಿನ ಕೂತ್ಕೋಬೇಕು ಅನ್ಸಲ್ವಾ?"

ಅವನು ಏನೋ ಹೇಳಲು ಹೋದ. ಬಂದದ್ದು ಡಿಪೋದ ಮಾತೇ. "ಕ್ಲಚ್ಚು ನಿಧಾನಕ್ಕೆ ಬಿಡು. ತಿರುವಿನಲ್ಲಿ ಅವಸರ ಬೇಡ."

"ಗೊತ್ತು ಬಿಡಿ," ಎಂದು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನೀರಿನ ಬಾಟಲಿ ತೆಗೆದು ಚಾಚಿದಳು. "ಇದು ಕಾಲಿಗೆ ಅಡ್ಡ ಬರುತ್ತೆ. ಸ್ವಲ್ಪ ಹಿಡ್ಕೊಂಡಿರಿ."

ಗಾಡಿ ಹೊರಟಿತು, ಮೂರನೆಯ ಸಾಲಿಗೆ ತಿರುಗಿತು, ಯಾವ ಗಿಡಕ್ಕೂ ತಾಗಲಿಲ್ಲ. ಬಿಸಿಲು ಜೋರಾಗಿತ್ತು. ಅವಳು ಆ ತುದಿ ಮುಟ್ಟಿ ವಾಪಸು ಬರುವವರೆಗೂ ಅವನು ಬಾಟಲಿ ಹಿಡಿದು ಅಲ್ಲೇ ನಿಂತಿದ್ದ.