ಹಾರ್ಪಿನ ಒಂದೇ ಕುರ್ಚಿ

ಒಂದು ಆರ್ಕೆಸ್ಟ್ರಾದಲ್ಲಿ ಪಿಟೀಲಿನವರು ಬಸ್ಸು ತುಂಬುವಷ್ಟು ಜನ ಇರುತ್ತಾರೆ. ಹಾರ್ಪಿನವರು ಒಬ್ಬರೇ. ಆ ಒಬ್ಬರು ರಿಟೈರ್ ಆಗಬೇಕು, ಇಲ್ಲವೇ ಕಣ್ಣು ಮುಚ್ಚಬೇಕು. ಅಲ್ಲಿಯವರೆಗೆ ಊರಿನ ಮಿಕ್ಕ ಹಾರ್ಪಿನವರೆಲ್ಲ ಹೋಟೆಲಿನ ಲಾಬಿಯಲ್ಲಿ, ಯಾರದೋ ಮದುವೆ ಪಾರ್ಟಿಯಲ್ಲಿ, ಜನ ಪ್ಲೇಟು ಹಿಡಿದು ಓಡಾಡುವ ಕಡೆ ಬಾರಿಸಿಕೊಂಡು ಕೂತಿರಬೇಕು. ನಾನು ಹಾಗೆ ಕೂತೇ ಅರ್ಧ ಆಯಸ್ಸು ಕಳೆದೆ. ಹಾರ್ಪ್ ಕಂಡ ಕೂಡಲೇ ಜನಕ್ಕೆ ಚರ್ಚಿನ ಚಿತ್ರಗಳ ರೆಕ್ಕೆಯ ದೇವತೆಗಳ ನೆನಪಾಗುತ್ತದಂತೆ. ಮನುಷ್ಯರಿಗಿಂತ ಎತ್ತರದ ಈ ತಂತಿವಾದ್ಯವನ್ನು ಲಿಫ್ಟ್ ಕೆಟ್ಟ ದಿನ ಮೂರು ಮಹಡಿ ಹತ್ತಿಸಿದ್ದರೆ ಅವರಿಗೆ ಬೇರೆ ಯಾರದೋ ನೆನಪಾಗುತ್ತಿತ್ತು.

ಹತ್ತಿಸುತ್ತಿದ್ದವನು ನನ್ನ ತಮ್ಮ. ಅವನದೊಂದು ವ್ಯಾನಿದೆ. ಪ್ರತಿ ಸಲ ಹಾರ್ಪಿಗೆ ಕಂಬಳಿ ಸುತ್ತುವಾಗಲೂ ಅವನದು ಒಂದೇ ರಾಗ. "ಅಕ್ಕ, ನೀನು ಕೊಳಲು ಕಲ್ತಿದ್ರೆ ನನ್ನ ಸೊಂಟ ಉಳೀತಿತ್ತು ನೋಡು."

ನಮ್ಮ ಊರಿನ ಆರ್ಕೆಸ್ಟ್ರಾದ ಹಾರ್ಪಿನ ಕುರ್ಚಿಯಲ್ಲಿ ಇದ್ದವರನ್ನು ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಅವರಿಗೆ ಹುಷಾರಿಲ್ಲದ ದಿನ ನನಗೆ ಫೋನ್ ಬರುತ್ತಿತ್ತು. ನಾನು ಅಲ್ಲಿಯ ಬದಲಿ. ಅಜ್ಜಿ ಕೆಮ್ಮಿದರೆ ಅಕ್ಕನಿಗೆ ಖುಷಿ ಎಂದು ತಮ್ಮ ಛೇಡಿಸುತ್ತಿದ್ದ. ಸುಳ್ಳೇನಲ್ಲ. ಆ ಸಭಾಂಗಣದ ಹಿಂಬಾಗಿಲು, ಉಪ್ಪಿನಕಾಯಿ ಭರಣಿಯಷ್ಟು ದಪ್ಪ ಮಗ್ಗುಗಳಲ್ಲಿ ಚಹಾ ಕುಡಿಯುವ ತುತ್ತೂರಿಯವರು, ಕಂಡಕ್ಟರ್ ಬಂದಾಗ ಕಾಲು ಮಡಚಿಕೊಳ್ಳುವ, ಚೆಲ್ಲೋ ಎಂಬ ದೊಡ್ಡ ಪಿಟೀಲಿನವರು, ಎಲ್ಲ ನನ್ನವರೇ ಅನ್ನಿಸಿಬಿಟ್ಟಿತ್ತು. (ಈ ಕಂಡಕ್ಟರ್ ಟಿಕೆಟ್ ಕೊಡುವವರಲ್ಲ, ಕೋಲು ಆಡಿಸುವವರು. ಗತ್ತು ಮಾತ್ರ ಇಬ್ಬರದೂ ಒಂದೇ.) ಮನೆಯಲ್ಲಿ ಮಾತಿಲ್ಲದ ನಾನು ಅಲ್ಲಿ ಬಾಯಿಬಡುಕಿ. ನನ್ನ ಧ್ವನಿ ಕಾರಿಡಾರಿನ ಆ ತುದಿಗೂ ಕೇಳುತ್ತದೆಂದು ನಗುತ್ತಿದ್ದರು.

ಕೊನೆಗೂ ಅಜ್ಜಿ ರಿಟೈರ್ ಆದರು. ಕುರ್ಚಿ ಖಾಲಿಯಾಯಿತು. ನನ್ನ ವಯಸ್ಸಿಗೆ ಅದು ಇನ್ನೊಮ್ಮೆ ಖಾಲಿಯಾಗುವುದಿಲ್ಲ ಎಂದು ನನಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು. ಅವನು ಆ ವಾರವಿಡೀ ಕೊಳಲಿನ ಸುದ್ದಿ ಎತ್ತಲಿಲ್ಲ.

ಗುಬ್ಬಿಯ ವಿಷಯ ಇಲ್ಲೇ ಹೇಳಬೇಕು. ಗುಬ್ಬಿ ನನ್ನ ಶಿಷ್ಯೆ. ಪೆಡಲಿಗೆ ಕಾಲು ಎಟುಕದಷ್ಟು ಚಿಕ್ಕವಳಿದ್ದಾಗ ಬಂದವಳು, ನನ್ನ ಕೈಯಲ್ಲೇ ಬೆಳೆದಳು. ಹಾರ್ಪಿನ ಬುಡದಲ್ಲಿ ಏಳು ಪೆಡಲ್ ಇರುತ್ತವೆ, ಸ್ವರಕ್ಕೊಂದು. ಒಂದೊಂದಕ್ಕೂ ಮೇಲೆ, ನಡುವೆ, ಕೆಳಗೆ ಎಂದು ಮೂರು ಮೆಟ್ಟಿಲು. ಒಂದು ಮೆಟ್ಟಿಲು ಒತ್ತಿದರೆ ಆ ಸ್ವರದ ತಂತಿಗಳೆಲ್ಲ ಅರ್ಧ ಸ್ವರ ಏರುತ್ತವೆ. ಬಾರಿಸಿ ಏಳುವಾಗ ಏಳನ್ನೂ ಮೇಲಕ್ಕೆ ಬಿಟ್ಟು ಏಳಬೇಕು. ತಂತಿಗೂ ಒಳ್ಳೆಯದು, ಮುಂದೆ ಕೂರುವವರಿಗೂ ಲೆಕ್ಕ ಸಿಗುತ್ತದೆ. ಇದು ನಮ್ಮವರ ರೂಢಿ, ಗುಬ್ಬಿಗೆ ನಾನು ಮೊದಲು ಕಲಿಸಿದ ಪಾಠವೂ ಹೌದು.

ಆದರೆ ತಮ್ಮನ ಜೊತೆ ಸೇರಿ ಹಾರ್ಪ್ ಎತ್ತಿಳಿಸಿ ನನ್ನ ಸೊಂಟವೂ ಹಿಡಿದುಕೊಂಡ ಮೇಲೆ ಬಗ್ಗಿ ಪೆಡಲ್ ನೋಡುವುದು ಕಷ್ಟವಾಯಿತು. ಆಗಿನಿಂದ ನನ್ನ ಕಛೇರಿಗಳಲ್ಲಿ ಗುಬ್ಬಿ ಮೊದಲೇ ವೇದಿಕೆಗೆ ಹೋಗಿ ನನ್ನ ಮೊದಲ ಕೃತಿಗೆ ಬೇಕಾದ ಹಾಗೆ ಏಳನ್ನೂ ಇಟ್ಟು ಬರುತ್ತಿದ್ದಳು. ನಾನು ರಾಣಿಯ ಹಾಗೆ ಹೋಗಿ ಕೂತು ಶುರುಮಾಡುವುದಷ್ಟೇ.

ಕುರ್ಚಿಯ ಪರೀಕ್ಷೆಗೆ ಅರ್ಜಿ ಹಾಕು ಎಂದು ಅವಳಿಗೆ ಹೇಳಿದ್ದೂ ನಾನೇ.

"ನೀವಿರುವಾಗ ನಾನ್ಯಾಕೆ ಮೇಡಂ?" ಎಂದಳು.

"ಅನುಭವ ಆಗತ್ತೆ ಕಣೇ. ನಿನಗೇನು, ಮುಂದೆ ಬೇಕಾದಷ್ಟು ಬರತ್ತೆ," ಎಂದೆ. ದೊಡ್ಡ ಮನಸ್ಸಿನವಳು ಎಂದು ಅನ್ನಿಸಿಕೊಳ್ಳುವ ಚಪಲ ನನಗೆ ಮೊದಲಿನಿಂದಲೂ ಇದೆ.

ಪರೀಕ್ಷೆ ಪರದೆಯ ಹಿಂದೆ. ಆ ಕಡೆ ಕಂಡಕ್ಟರ್ ಮತ್ತು ಆರ್ಕೆಸ್ಟ್ರಾದ ಹಿರಿಯರು, ಈ ಕಡೆ ಆರ್ಕೆಸ್ಟ್ರಾದ್ದೇ ಹಾರ್ಪ್ ಮತ್ತು ಬಾರಿಸುವವರು. ಹೆಸರಿಲ್ಲ, ನಂಬರ್ ಮಾತ್ರ. ಹೆಜ್ಜೆಯ ಸದ್ದಿನಿಂದ ಗಂಡೋ ಹೆಣ್ಣೋ ತಿಳಿಯಬಾರದೆಂದು ನೆಲಕ್ಕೆ ಜಮಖಾನೆ. ಬಾರಿಸುವ ಮೊದಲು ತಂತಿ ಮುಟ್ಟಿ ನೋಡುವಂತಿಲ್ಲ. ಬಾಯಿ ಬಿಡುವಂತಂತೂ ಇಲ್ಲವೇ ಇಲ್ಲ. ಧ್ವನಿ ಕೇಳಿದರೆ ಅಲ್ಲಿಗೆ ಮುಗಿಯಿತು. ಹಿಂದೆ ಬೇಕಾದವರಿಗೆ ಮಣೆ ಹಾಕಿದ್ದು ಸಾಕು, ಪರದೆ ಕಟ್ಟಿ ಎಂದು ಜಗಳ ತೆಗೆದವರಲ್ಲಿ ನಾನೂ ಒಬ್ಬಳು. ಅರ್ಧ ಆರ್ಕೆಸ್ಟ್ರಾದವರ ಸಹಿ ಹಾಕಿಸಿದ್ದು ನಾನೇ.

ಸರದಿಗೆ ಚೀಟಿ ಎತ್ತಿದಾಗ ಗುಬ್ಬಿಯ ನಂಬರ್ ಬಂತು, ಅದರ ಹಿಂದೆಯೇ ನನ್ನದು. ಮೊದಲ ಕೃತಿ ಎಲ್ಲರಿಗೂ ಒಂದೇ. ಕಾಯುವ ಕೋಣೆಯ ಗೋಡೆಗೆ ಆರ್ಕೆಸ್ಟ್ರಾದ ಮ್ಯಾನೇಜರ್ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದರು: ಬಾರಿಸಿ ಏಳುವಾಗ ಏಳೂ ಪೆಡಲ್ ಮೇಲಕ್ಕೆ ಬಿಡಿ. ಓದಿ ಸಮಾಧಾನವಾಯಿತು. ಆ ಕೃತಿಗೆ ಎಡಗಾಲಿನ ಎರಡು, ಬಲಗಾಲಿನ ಎರಡು ಪೆಡಲ್‌ಗಳನ್ನು ಒಂದೊಂದು ಮೆಟ್ಟಿಲು ಒತ್ತಿದರೆ ಆಯಿತು, ಬಗ್ಗುವುದೇ ಬೇಡ.

ಗೋಡೆಯಾಚೆ ಗುಬ್ಬಿ ಬಾರಿಸುವುದು ಮಂದವಾಗಿ ಕೇಳಿತು. ಚೆನ್ನಾಗಿ ಬಾರಿಸಿದಳು. ನನಗಿಂತ ಚೆನ್ನಾಗಿ ಅಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಅವಳ ಕೈಯ ಒಂದೊಂದು ಗಂಟೂ ನನಗೆ ಗೊತ್ತು. ಹೊರಗೆ ಬಂದವಳು ನನ್ನ ಕಡೆ ನೋಡಿ, ಎಲ್ಲ ಸರಿ ಎನ್ನುವ ಹಾಗೆ ತಲೆ ಆಡಿಸಿದಳು. ಧೈರ್ಯ ಹೇಳುತ್ತಿದ್ದಾಳೆ ಎಂದುಕೊಂಡೆ.

ಒಳಗೆ ಹೋಗಿ ಕೂತೆ. ಹಾರ್ಪನ್ನು ಭುಜಕ್ಕೆ ಒರಗಿಸಿಕೊಂಡೆ. ಎಡಗಾಲಿನಲ್ಲಿ ಎರಡು, ಬಲಗಾಲಿನಲ್ಲಿ ಎರಡು, ಒಂದೊಂದು ಮೆಟ್ಟಿಲು ಒತ್ತಿದೆ. ಪೆಡಲ್ ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂದು ಕಾಲಿಗೆ ತಿಳಿಯಬೇಕಿತ್ತು. ಆದರೆ ಆ ದಿನ ಕಾಲು ಮರಗಟ್ಟಿತ್ತು. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಹಾರ್ಪ್ ಅದು. ಉಸಿರು ಎಳೆದುಕೊಂಡು ತಂತಿಗಳ ಮೇಲೆ ಎರಡೂ ಕೈ ಓಡಿಸಿದೆ.

ಹೊರಟ ಸದ್ದು ಬೆಕ್ಕಿನ ಬಾಲ ತುಳಿದ ಹಾಗಿತ್ತು. ನಾಲ್ಕು ಸ್ವರಗಳು ಅರ್ಧ ಸ್ವರ ಮೇಲೆ ಹೋಗಿ ಕೂತಿದ್ದವು.

"ಅಯ್ಯೋ! ಇದನ್ಯಾರು ಮುಟ್ಟಿದ್ದು?"

ಪರದೆಯ ಆಚೆ ಯಾರೋ ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ಒಂದು ನಿಟ್ಟುಸಿರು. ಅದು ಚೆಲ್ಲೋ ಹಿರಿಯರದ್ದು. ಅವರ ಉಸಿರೂ ನನಗೆ ಗೊತ್ತು, ನನ್ನ ಧ್ವನಿ ಅವರಿಗೆ ಗೊತ್ತಿರದೆ ಇರುತ್ತದೆಯೇ?

ಮ್ಯಾನೇಜರ್ ತುದಿಗಾಲಲ್ಲಿ ಬಂದು ನನ್ನ ಪಕ್ಕ ಕುಕ್ಕರಿಸಿದರು. "ಮೇಡಂ, ಎದ್ದೇಳಿ."

"ಪೆಡಲ್ ಮೇಲೆ ಬಿಟ್ಟಿರ್ಲಿಲ್ಲ ಸಾರ್. ಒಂದ್ಸಲ ಸರಿ ಮಾಡ್ಕೊಂಡು ಬಾರಿಸ್ತೀನಿ. ಒಂದೇ ಒಂದ್ಸಲ."

"ಬಾಯಿ ಬಿಟ್ರಲ್ಲ ಮೇಡಂ. ಈ ರೂಲ್ಸ್ ನಾನು ಮಾಡಿದ್ದಲ್ಲ."

ಹೌದು, ಮಾಡಿಸಿದವಳು ನಾನು. ಎದ್ದೆ. ಏಳುವಾಗ ಏಳೂ ಪೆಡಲ್ ಮೇಲಕ್ಕೆ ಬಿಟ್ಟೇ ಎದ್ದೆ.

ಕುರ್ಚಿ ಗುಬ್ಬಿಗೆ ಹೋಯಿತು. ವಿಷಯ ತಿಳಿದ ಸಂಜೆ ಅವಳು ಮನೆಗೆ ಬಂದು ಬಾಗಿಲಲ್ಲೇ ಅಳಲು ಶುರುಮಾಡಿದಳು. "ನಿಮಗೆ ಬಗ್ಗೋಕಾಗಲ್ಲ ಅಂತ ನಾನೇ ಪೆಡಲ್ ಇಟ್ಟು ಬಂದೆ ಮೇಡಂ. ಯಾವಾಗ್ಲೂ ಇಡೋ ಹಾಗೆ. ತಲೆ ಆಡ್ಸಿದ್ನಲ್ಲ, ನಿಮಗೆ ಗೊತ್ತಾಯ್ತು ಅಂದ್ಕೊಂಡೆ."

ಅವಳು ಒತ್ತಿಟ್ಟಿದ್ದ ನಾಲ್ಕನ್ನೇ ನಾನು ಇನ್ನೊಂದು ಮೆಟ್ಟಿಲು ಒತ್ತಿದ್ದೆ. ಇಡೀ ಊರಿನಲ್ಲಿ ಆ ದಿನ ನನ್ನ ಸೊಂಟದ ಚಿಂತೆ ಮಾಡಿದ್ದವಳು ಅವಳೊಬ್ಬಳೇ. ಬೇಕೆಂದೇ ಮಾಡಿದೆ ಎಂದಿದ್ದರೆ ಎಷ್ಟು ಚೆನ್ನಾಗಿತ್ತು! ಜುಟ್ಟು ಹಿಡಿದು ಹೊರಗೆ ಹಾಕುತ್ತಿದ್ದೆ, ಊರೆಲ್ಲ ಅವಳ ಮಾನ ಹರಾಜು ಹಾಕುತ್ತಿದ್ದೆ, ರಾತ್ರಿ ನಿದ್ದೆಯಾದರೂ ಬರುತ್ತಿತ್ತು. "ಹೋಗ್ಲಿ ಬಿಡೇ, ಒಳಗೆ ಬಾ," ಎಂದೆ. ಚಹಾ ಮಾಡಿ ಕೊಟ್ಟೆ. ಅವಳು ಕುಡಿದು ಹೋಗುವವರೆಗೆ ನನ್ನ ತಮ್ಮ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಅವಳು ಹೋದ ಮೇಲೆ, "ಕುರ್ಚಿ ಬಿಟ್ಕೊಡ್ತೀನಿ ಅಂದ್ಲಾ?" ಎಂದು ಕೇಳಿದ.

"ಇಲ್ಲ."

"ಮತ್ತೆ ಆ ಅಳು ಯಾಕಂತೆ?"

ನಾನು ಅವಳು ಕುಡಿದಿಟ್ಟ ಲೋಟ ಎತ್ತಿಕೊಂಡೆ. ಅವಳ ವಯಸ್ಸಿನಲ್ಲಿ ನಾನೂ ಬಿಟ್ಟುಕೊಡುತ್ತಿರಲಿಲ್ಲ.

ಆರ್ಕೆಸ್ಟ್ರಾದ ಮುಂದಿನ ಕಛೇರಿಗಳ ಸರಣಿಯಲ್ಲಿ ಎರಡು ಹಾರ್ಪ್ ಬೇಕಾದ ದೊಡ್ಡ ಕೃತಿಯೊಂದಿತ್ತು. ಫೋನ್ ಬಂತು. ಈ ಸಲ ಮಾಡಿದ್ದು ಮ್ಯಾನೇಜರ್ ಅಲ್ಲ, ಗುಬ್ಬಿ. "ಎರಡನೇ ಹಾರ್ಪಿಗೆ ನೀವೇ ಬರ್ಬೇಕು ಮೇಡಂ." ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು, ಎಷ್ಟು ಗಂಟೆಗೆ ಎಂದು ಕೇಳಿದೆ. ತಮ್ಮ ಹಾರ್ಪಿಗೆ ಕಂಬಳಿ ಸುತ್ತಿ ವ್ಯಾನ್ ತೆಗೆದ.

ಸಭಾಂಗಣಕ್ಕೆ ಹೋದಾಗ ಎಲ್ಲರೂ ಎದ್ದು ಬಂದು ಮಾತಾಡಿಸಿದರು. ಯಾರೂ ಆ ದಿನದ ವಿಷಯ ಎತ್ತಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಕಂಡಕ್ಟರ್ ಬಂದು ಕೋಲು ಎತ್ತಿಕೊಂಡರು. ಮೊದಲ ಹಾರ್ಪಿನ ಕುರ್ಚಿಯಲ್ಲಿದ್ದ ಗುಬ್ಬಿ ಸರಕ್ಕನೆ ಎದ್ದು, ನನ್ನ ಹಾರ್ಪಿನ ಬುಡದಲ್ಲಿ ಮಂಡಿಯೂರಿ ಪೆಡಲ್ ಸರಿಪಡಿಸತೊಡಗಿದಳು.

"ಮುಟ್ಟಬೇಡ!"

ಎಷ್ಟು ಜೋರಾಗಿ ಕೂಗಿದೆನೋ ನನಗೇ ಗೊತ್ತಿಲ್ಲ. ಇಡೀ ಆರ್ಕೆಸ್ಟ್ರಾ ತಿರುಗಿತು. ಮುಂದಿನ ಸಾಲಿನ ಪಿಟೀಲಿನವರು ಮಾತ್ರ ತಿರುಗಲಿಲ್ಲ. ಯಾರ ಧ್ವನಿ ಎಂದು ತಿಳಿಯಲು ಅವರಿಗೆ ತಿರುಗಬೇಕಾಗಿರಲಿಲ್ಲ. ಗುಬ್ಬಿಯ ಮುಖ ಬಿಳುಚಿಕೊಂಡಿತು. ಎದ್ದು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು.

ಕೋಲು ಗಾಳಿಯಲ್ಲೇ ನಿಂತಿತ್ತು. ಎಲ್ಲರೂ ನೋಡುತ್ತಿದ್ದಂತೆ ಹಾರ್ಪಿನ ಕಂಬ ಹಿಡಿದು, ಹಲ್ಲು ಕಚ್ಚಿಕೊಂಡು ಬಗ್ಗಿದೆ. ಸೊಂಟ ಕಳಕ್ಕೆಂದಿತು. ಗುಬ್ಬಿ ಇಟ್ಟ ಪೆಡಲ್‌ಗಳನ್ನು ಒಂದೊಂದಾಗಿ ಮೇಲಕ್ಕೆ ಬಿಟ್ಟೆ. ಆಮೇಲೆ ಒಂದೊಂದಾಗಿ, ಅವಳು ಎಲ್ಲಿಟ್ಟಿದ್ದಳೋ ಅಲ್ಲಿಗೇ ತಂದು ಇಟ್ಟೆ. ಅವಳು ಇಟ್ಟದ್ದು ಸರಿಯಾಗಿಯೇ ಇತ್ತು.