ಅರಿವಿಯ ಬಣ್ಣ

ಲೋಬಾನದ ಹೊಗೆ ತೆಳ್ಳಗೆ ಬಾಗಿಲ ಕಡೆ ಹರಿಯುತ್ತಿದೆ, ಬೆಳಕು ಸಿಕ್ಕಿದ್ದೇ ಕಾಣದಂತಾಗುತ್ತದೆ, ಶಿವಕಾಂತಮ್ಮನ ಕಣ್ಣಿಗೆ ಬಾಗಿಲಾಚೆಯದೆಲ್ಲ ಹೀಗೆಯೇ, ಅಂಗಳದ ಹಾಸುಗಲ್ಲು ಬಿಸಿಲನ್ನು ಎತ್ತಿ ಮುಖಕ್ಕೇ ಎರಚುತ್ತದೆ, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ — ಹುಟ್ಟಿದಾಗಿನಿಂದ ಹೀಗೇ, ಕೂದಲು ಬಿಳಿ, ಹುಬ್ಬು ಬಿಳಿ, ಮೈ ಬಿಳಿ, ಭಂಕೂರಿನ ಮಂದಿ ದೊರೆಸಾನಿ ಎಂದು ನಕ್ಕದ್ದೂ ಹಳತಾಯಿತು, ಈಗ ಹನ್ನೊಂದು ದಿನದ ಮಗಳೂ ಹಾಗೆಯೇ, ತಲೆಯ ಮೇಲೆ ಹಿಂಜಿದ ಹತ್ತಿ, ಮುಟ್ಟಿದರೆ ನಗು ಬರುತ್ತದೆ, ಸೂಲಗಿತ್ತಿ ಇಮಾಮ್ಬೀ ಕೂಸನ್ನು ಕೈಗೆ ಕೊಡುವಾಗ ಸಮಾಧಾನದ ಮಾತು ಹುಡುಕುತ್ತಿದ್ದಳು, ಪಾಪ, ತಾನೋ ನಕ್ಕುಬಿಟ್ಟಿದ್ದಳು, ನನ್ನಂಥಾಕಿನೇ ಬಂದಾಳ, ಈಕೀನ ಹ್ಯಾಂಗ ಬೆಳೆಸಬೇಕಂತ ನನಗ ಗೊತ್ತದ — ಹತ್ತು ದಿನ ಮುಸುಕಿದ್ದ ಮೋಡ ಇವತ್ತು ಸರಿದಿದೆ, ಆಯಿ ಮಾಳಮ್ಮ ಕೂಸಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಮೂಗು ನೀವಿ, ಬರಿಮೈಯಲ್ಲೇ ಎತ್ತಿಕೊಂಡಿದ್ದಾಳೆ, ತನ್ನ ತಾಯಿಯ ತಾಯಿ ಇವಳು, ತನ್ನನ್ನು ತಾಯಿಯ ತಮ್ಮ ಅಂಬಾರಾಯನಿಗೇ ಕೊಟ್ಟದ್ದರಿಂದ ಅತ್ತೆಯೂ ಇವಳೇ, ಬಾಗಿಲ ಕಡೆ ಯಾಕೆ ಹೊರಟಳು, ಎಲ್ಲಿಗಿ ಆಯಿ, ಎಲ್ಲಿಗಿ ಹೊಂಟಿ, ಎಳೀ ಬಿಸಲಿಗಿ ಹಿಡೀತೀನವ್ವ, ಎಲುಬು ಗಟ್ಟಿ ಆಗ್ತಾವ, ಬಣ್ಣನೂ ಬಂದ್ರ ಬರಬಹುದು.

ಬಣ್ಣ — ಆ ಮಾತಿನ ಹಿಂದೆಯೇ ಅಣ್ಣ ಭಗವಂತ, ಅವನದೂ ಇದೇ ಮೈ, ಹತ್ತು ವರ್ಷ ಶಹಾಬಾದಿನ ಗಣಿಯಲ್ಲಿ ಕಲ್ಲು ಎಬ್ಬಿಸಿದವನು, ತಲೆಗೆ ವಸ್ತ್ರ ಸುತ್ತಿಕೋ ಎಂದರೆ ಕೇಳುತ್ತಿರಲಿಲ್ಲ, ಬಿಸಲಾಗ ಕಾಸಿದ್ರ ನಾನೂ ನಿಮ್ಮಂಗ ಕರ್ರಗಾಗ್ತೀನಿ ಎಂದು ಅಂಗಿ ಬಿಚ್ಚಿ ನಿಲ್ಲುವನು, ಕರ್ರಗಾಗಲಿಲ್ಲ, ಕೆಂಪಾದ, ಸುಲಿದ, ಮತ್ತೆ ಕೆಂಪಾದ, ಕಿವಿಯ ತುದಿಗೆ ತೊಗರಿಕಾಳಿನಷ್ಟು ಹುಣ್ಣು, ಅರಿಶಿನ ಹಚ್ಚಿದರು, ಬೇವಿನೆಣ್ಣೆ ಹಚ್ಚಿದರು, ಒಣಗುವುದು, ಮತ್ತೆ ಒಸರುವುದು, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ವರ್ಷವೇ ಗುಲ್ಬರ್ಗಾದ ದವಾಖಾನೆಯಲ್ಲಿ ಅವನ ಅರ್ಧ ಕಿವಿ ತೆಗೆದದ್ದು, ಕ್ಯಾನ್ಸರ್ ಎಂಬ ಮಾತು ಮೊದಲು ಕೇಳಿದ್ದೂ ಅಲ್ಲೇ, ಬೆಂಚಿನ ಮೇಲೆ ಕೂತು — ಬೇರು ಇಳಿಯುವ ಮೊದಲೇ ಬಂದಿರಿ, ಉಳಿದಿರಿ ಎಂದಳು ಡಾಕ್ಟರಮ್ಮ, ಆಮೇಲೆ ಶಿವಕಾಂತಮ್ಮನ ಕೈ ಹಿಡಿದು ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದಳು, ನಿಮ್ಮ ಮೈಯಾಗ ಬಿಸಲು ತಡಿಯೋ ಬಣ್ಣ ಇಲ್ಲವ್ವ, ಉಡೋ ಅರಿವಿನೇ ನಿಮ್ಮ ಬಣ್ಣ ಅಂತ ತಿಳೀರಿ, ತುಂಬುತೋಳಿನ ಬಟ್ಟೆ, ಅಗಲ ಅಂಚಿನ ಟೊಪ್ಪಿಗೆ, ಆದಷ್ಟೂ ನೆರಳು, ತಿಂಗಳಾದರೂ ಮಾಯದ ಹುಣ್ಣು ಕಂಡರೆ ಮರುದಿನವೇ ದವಾಖಾನೆ, ಅಷ್ಟೇ, ಅಷ್ಟೇ ತಾನೆ, ಐದು ವರ್ಷವಾಯಿತು, ಅಣ್ಣನಿಗೆ ಮತ್ತೇನೂ ಆಗಿಲ್ಲ, ಶೆಡ್ಡಿನ ನೆರಳಲ್ಲಿ ಕಲ್ಲಿಗೆ ಪಾಲಿಶ್ ಹೊಡೆಯುತ್ತಾನೆ, ಹೆಂಡತಿಯ ಬೈಗುಳ ಈಗ ಅರ್ಧವೇ ಕೇಳಿಸುತ್ತದೆಂದು ಊರನ್ನೇ ನಗಿಸುತ್ತಾನೆ — ಆಯಿಯ ಒಂದು ಕಾಲು ಹೊಸ್ತಿಲಾಚೆ, ಬಾಣಂತಿ ಹೀಗೆ ದಡಬಡನೆ ಏಳಬಾರದು, ಎದ್ದೇಬಿಟ್ಟಳು, ಸೊಂಟ ಚಳಕೆಂದಿತು, ನಿಂದ್ರು ಆಯಿ, ಕೂಸಿನ್ನ ಬಿಸಲಿಗಿ ಒಯ್ಯಬ್ಯಾಡ.

ಈ ಮನೆಯಲ್ಲಿ ಆಯಿಗೆ ಬೇಡ ಎಂದವರಿಲ್ಲ, ಗಂಡ ಅಂಬಾರಾಯ ಕೂಡ ಇಲ್ಲ, ಅಂದದ್ದು ತಾನೇನಾ, ಆಯಿ ತಿರುಗುತ್ತಿಲ್ಲ, ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ, ಸಿಟ್ಟೋ ಏನೋ — ನಿಮ್ಮಿಬ್ರನ್ನೂ ಇದೇ ಅಂಗಳದಾಗ ನಾನೇ ಬಿಸಲಿಗಿ ಹಿಡದಿದ್ದೆನವ್ವ, ಹಂಗಾರ ಭಗವಂತನ ಕಿವಿ ನಾನೇ... ಸಿಟ್ಟಲ್ಲ, ಅಯ್ಯೋ, ಆಯಿಯ ದನಿ ಇಷ್ಟು ಸಣ್ಣದಾದದ್ದು ಎಂದೂ ಕೇಳಿಲ್ಲ, ಇಲ್ಲ ಆಯಿ, ಅದು ಗಣಿಯಾಗ ಹತ್ತು ವರ್ಷ ಬಿಸಲಿಗಿ ಕಾದದ್ದು, ಆವಾಗ ಯಾರಿಗೂ ಗೊತ್ತಿರಲಿಲ್ಲ, ಈಗ ಗೊತ್ತದಲ್ಲ. ಹೊಸ್ತಿಲಾಚೆಯ ಕಾಲು ಒಳಗೆ ಬಂತು. ಬಂತು, ಆಯಿ ಬಾಗಿಲ ಮಗ್ಗುಲಿಗೆ ನೆರಳಲ್ಲಿ ಕೂತಳು, ಸೆರಗು ಎಳೆದು ಕೂಸನ್ನು ಸುತ್ತಿದಳು, ಇಷ್ಟು ಸುಲಭವಾ, ಇಷ್ಟೇ ಆಗಿದ್ದರೆ ಎಂದೋ ಅನ್ನುತ್ತಿದ್ದೆನಲ್ಲ ಎಂದು ಒಳಗೇ ಕುಣಿಯುವಂತಾಗುತ್ತದೆ, ಆಯಿಯ ಗೊಣಗಾಟ ಆಗಲೇ ಶುರುವಾಗಿದೆ, ಅಂಗಳ ತುಂಬ ಚಪ್ಪರ ಹಾಕಿಸಬೇಕಂತೆ, ಅಂಬಾರಾಯ ಬರಲಿ, ಇವತ್ತೇ ಗಳ ತರಿಸುತ್ತಾಳಂತೆ, ಟೇಲರ್ ಲಾಲ್ ಅಹ್ಮದನಿಗೆ ಹೇಳಿ ಸಣ್ಣ ಅಂಗಿ ಹೊಲಿಸುತ್ತಾಳಂತೆ, ತೋಳು ಬೆರಳಿನ ತನಕ ಇರಬೇಕಂತೆ, ಇಕೀ ನನಗ ಮೊಮ್ಮಗಳೂ ಹೌದು ಮರಿಮೊಮ್ಮಗಳೂ ಹೌದು, ಎರಡು ಟೊಪ್ಪಿಗಿ ಬೇಕು — ನಕ್ಕರೆ ಹೊಟ್ಟೆ ನೋಯುತ್ತದೆ, ನಗಬಾರದು, ನಗದಿರುವುದು ಹೇಗೆ, ಮಗಳು ಟೊಪ್ಪಿಗೆ ಹಾಕಿಕೊಂಡು ಶಾಲೆಗೆ ಓಡುತ್ತಾಳೆ, ಕಣ್ಣು ಮಂದ, ಮುಂದಿನ ಸಾಲಿನಲ್ಲೇ ಕೂಡಿಸಿರಿ ಎಂದು ಮಾಸ್ತರಿಗೆ ತಾನೇ ಹೋಗಿ ಹೇಳಬೇಕು, ಹಲಗೆಯ ಮೇಲಿನ ಅಕ್ಷರ ತನಗೆ ಕಾಣದ್ದು ಅವಳಿಗೆ ಕಾಣಲಿ, ಬೈಗಿಗೆ ಬಿಸಿಲಿಳಿದ ಮೇಲೆ ಮಾವ ಭಗವಂತನ ಜೊತೆ ಕಾಗಿಣಾ ನದಿಗೆ, ನೀರಿಗೆ ಕಾಲು ಬಿಟ್ಟು — ಸೆರಗಿನೊಳಗಿಂದ ಸಣ್ಣ ಕೈ ಹೊರಬಂತು, ಬೆಳಕಿನ ಕಡೆ ಚಾಚಿತು, ಐದು ಬಿಳಿ ಬೆರಳು, ಅವುಗಳ ಮೇಲೆ ಆಯಿಯ ಕೈ ಬಂದು ನಿಂತಿತು, ಕಳೆ ಕಿತ್ತು ಕಿತ್ತು ಒರಟಾದ ಕಪ್ಪು ಕೈ, ಮುಟ್ಟಲಿಲ್ಲ, ಮೇಲೆ ನಿಂತಿತು ಅಷ್ಟೇ, ಕೂಸು ಬೆರಳು ಅತ್ತ ಒಯ್ದರೆ ಆ ಕೈಯೂ ಅತ್ತ, ಇತ್ತ ತಂದರೆ ಇತ್ತ, ಬಿಳಿ ಬೆರಳು, ಮೇಲೆ ಕಪ್ಪು ಕೈ, ಮತ್ತೆ ಅತ್ತ, ಮತ್ತೆ ಆ ಕೈ