ಇಪ್ಪತ್ತಾರನೆಯ ಪಾಠ

ಇಂಗ್ಲಿಷಿನ ಕ್ರಿಯಾಪದಗಳಿಗೆ ಒಂಟಿಯಾಗಿ ಬಾಳಿ ಗೊತ್ತೇ ಇಲ್ಲ ಎಂದು ಅಕ್ಕ ನಗುತ್ತಿದ್ದಳು. ‘ಗೆಟ್’ ಎಂಬ ಬಡಪಾಯಿ ಪದವನ್ನೇ ನೋಡಿ. ಪಕ್ಕದಲ್ಲಿ ‘ಅಪ್’ ಬಂದು ಕೂತರೆ ಹಾಸಿಗೆಯಿಂದ ಏಳುವುದು, ‘ಆಫ್’ ಕೂತರೆ ಬಸ್ಸಿನಿಂದ ಇಳಿಯುವುದು, ‘ಅವೇ’ ಎಂದರೆ ತಪ್ಪಿಸಿಕೊಂಡು ಓಡುವುದು. ಇಂಥವನ್ನು ಮನೆಯಲ್ಲೇ ಕೂತು ಕಲಿಯುವವರಿಗೆಂದು ನಲವತ್ತು ಪಾಠಗಳ ರೆಕಾರ್ಡಿಂಗ್ ನಡೆದಿತ್ತು. ಪಾಠಕ್ಕೆ ಇಪ್ಪತ್ತು ವಾಕ್ಯ, ಮೊದಲು ಇಂಗ್ಲಿಷಿನಲ್ಲಿ, ಬೆನ್ನಿಗೇ ಕನ್ನಡದಲ್ಲಿ. ಓದುತ್ತಿದ್ದವಳು ಅಕ್ಕ. ಇಪ್ಪತ್ತಾರನೆಯ ಪಾಠದಲ್ಲಿ ಹನ್ನೊಂದು ವಾಕ್ಯ ಓದಿ, ಉಳಿದದ್ದು ನಾಳೆ ಎಂದು ಎದ್ದು ಬಂದವಳು ಮತ್ತೆ ಆ ಕೋಣೆಗೆ ಹೋಗಲಿಲ್ಲ. ಶ್ವಾಸಕೋಶ ಎಂದರು. ಐದು ವಾರದಲ್ಲಿ ಎಲ್ಲ ಮುಗಿಯಿತು.

ತಂಗಿ ಅಳಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಅವಳದು. ನಾಲ್ಕನೆಯ ದಿನವೇ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಕಲ್ಲು ಮನಸ್ಸು ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳುವವರಿಗೇನು, ನಾಲಿಗೆಗೆ ಎಲುಬಿದೆಯೇ? ಕಲ್ಲಲ್ಲ ಮಾರಾಯರೇ, ಜೋಮು ಹಿಡಿದಿತ್ತು, ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ. ಯಾರು ಏನು ಕೇಳಿದರೂ ‘ಸರಿ’ ಎನ್ನುತ್ತಿದ್ದಳು. ಅಕ್ಕನ ಬಟ್ಟೆ ಯಾರಿಗಾದರೂ ಕೊಟ್ಟುಬಿಡಲೇ ಎಂದು ಭಾವ ಕೇಳಿದಾಗಲೂ ಸರಿ ಎಂದಳು. ಮೂವರಿದ್ದ ಮನೆಯಲ್ಲಿ ಈಗ ಇವರಿಬ್ಬರೇ, ಮಾತೂ ಅಷ್ಟಕ್ಕಷ್ಟೆ.

ಮೂರು ತಿಂಗಳಾದ ಮೇಲೆ ಪಾಠಗಳ ಯಜಮಾನರು ಫೋನ್ ಮಾಡಿದರು. ಅರ್ಧ ಪಾಠ ಒಂದು ದನಿ, ಅರ್ಧ ಇನ್ನೊಂದು ಎಂದರೆ ಕೇಳುವವರು ಬಿಟ್ಟಾರೆಯೇ? ಅಕ್ಕತಂಗಿಯರ ದನಿ ಒಂದೇ ಎಂದು ಭಾವ ಹೇಳಿದ್ದನಂತೆ. ಈ ಪಾಠದಲ್ಲಿ ತಂಗಿ ಓದಿದ್ದು ಹೊಂದಿದರೆ ಅಕ್ಕನ ಪಾಠಗಳು ಹಾಗೇ ಉಳಿಯುತ್ತವೆ, ಮುಂದಿನವನ್ನೂ ತಂಗಿಯೇ ಓದಬಹುದು. ಹೊಂದದಿದ್ದರೆ ಎಲ್ಲ ಅಳಿಸಿ, ಬೇರೆಯವರ ಕೈಲಿ ಮೊದಲಿಂದ ಓದಿಸುವುದು. ತಂಗಿ ಸರಿ ಎಂದಳು. ಆದರೆ ಈ ಒಂದು ‘ಸರಿ’ ಬರಿಯ ಬಾಯಿಮಾತಾಗಿರಲಿಲ್ಲ. ಅಕ್ಕನ ದನಿ ಅಳಿಸಿಹೋಗಬಾರದು ಎಂಬ ಒಂದೇ ಒಂದು ಆಸೆ ಆ ಜೋಮಿನೊಳಗೂ ಉಸಿರಾಡುತ್ತಿತ್ತು.

ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಸ್ಪಂಜು, ಒಂದು ಮೈಕು. ಗಾಜಿನಾಚೆ ರೆಕಾರ್ಡಿಂಗಿನವನು. ಪಾಪ, ಒಳ್ಳೆಯವನೇ. ಅಕ್ಕನ ಹನ್ನೊಂದನೆಯ ವಾಕ್ಯವನ್ನು ಅವನು ಮೊದಲು ಕೇಳಿಸಿದ. ‘ಗೆಟ್’ ಪಕ್ಕ ‘ಓವರ್’: ನಾನು ನೆಗಡಿಯಿಂದ ಚೇತರಿಸಿಕೊಳ್ಳುತ್ತಿದ್ದೇನೆ. ವಾಕ್ಯದ ಕೊನೆಗೆ ಅಕ್ಕ ಕೆಮ್ಮಿದ್ದಳು. ಎರಡು ಸಲ ಸಣ್ಣದಾಗಿ, ಆಮೇಲೆ ಒಂದು ಉದ್ದಕ್ಕೆ.

ಆ ಕೆಮ್ಮು ತಂಗಿಗೆ ಹೊಸದಲ್ಲ. ಆ ಚಳಿಗಾಲವೆಲ್ಲ ಬೆಳಗಾದರೆ ಗೋಡೆಯಾಚೆ ಅದೇ. ‘ಬಚ್ಚಲಿಗೆ ಹೋಗಿ ಕೆಮ್ಮಬಾರ್ದೇನೆ, ತಲೆ ಚಿಟ್ಟು ಹಿಡೀತು’ ಎಂದು ಒಮ್ಮೆ ಗದರಿಯೂ ಇದ್ದಳು. ಅಕ್ಕ ಸುಮ್ಮನೆ ಎದ್ದು ಬಚ್ಚಲಿಗೆ ಹೋಗಿದ್ದಳು. ಡಾಕ್ಟರ ಹತ್ತಿರ ಹೋಗು ಎಂದು ಮಾತ್ರ ಯಾರೂ ಹೇಳಲಿಲ್ಲ, ತಂಗಿಯೂ ಹೇಳಲಿಲ್ಲ.

ಹನ್ನೆರಡನೆಯ ವಾಕ್ಯ: ‘ಗೆಟ್ ಆನ್’, ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ. ಮೂರು ಸಲ ಓದಿದಳು. ಕ್ಲಿನಿಕ್ಕಿನಲ್ಲಿ ಮುಂದಿನವರು ಬನ್ನಿ ಎಂದು ಕರೆದ ಹಾಗಿತ್ತು. ಉಚ್ಚಾರಣೆಯೆಲ್ಲ ಸರಿಯಾಗಿದೆ, ಆದರೆ ನಿಮ್ಮಕ್ಕನ ದನಿಯಲ್ಲೊಂದು ನಗು ಇರುತ್ತಿತ್ತು ಎಂದು ರೆಕಾರ್ಡಿಂಗಿನವನು ಮೆಲ್ಲಗೆ ಹೇಳಿದ.

ನಗುವನ್ನು ಎಲ್ಲಿಂದ ತರುವುದು? ಆಗ ಭಾವನ ನೆನಪಾಯಿತು. ಹಿಂದೊಮ್ಮೆ ತಾನು ಅಕ್ಕನ ದನಿಯಲ್ಲಿ ಅವನ ಆಫೀಸಿಗೆ ಫೋನ್ ಮಾಡಿ, ಹತ್ತು ಕೆಜಿ ಈರುಳ್ಳಿ ತರಬೇಕೆಂದು ಗದರಿಸಿದ್ದಳು. ಆ ಮಹಾನುಭಾವ ಹೊತ್ತು ತಂದೇಬಿಟ್ಟಿದ್ದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ತಂಗಿ ಅಂದಿನ ಹಾಗೆಯೇ ಗಲ್ಲ ಎತ್ತಿ, ಭಾವನಿಗೆ ಹೇಳುವಂತೆ ಓದಿದಳು. ಮನಸ್ಸಿನಲ್ಲಿ ಏನೂ ಅಲ್ಲಾಡಲಿಲ್ಲ. ದನಿ ಮಾತ್ರ ಅಚ್ಚು ಅಕ್ಕನದು. ಗಾಜಿನಾಚೆಯವನು ಕಣ್ಣರಳಿಸಿ ಹೆಬ್ಬೆರಳು ಎತ್ತಿದ.

ಹಾಗೇ ಇಪ್ಪತ್ತರ ತನಕ ಓದಿದಳು. ಈ ಪಾಠದಲ್ಲಿ ಇನ್ನು ಒಂದೇ ಒಂದು ಬಾಕಿ ಎಂದು ಅವನು ಹೇಳಿದ. ಹನ್ನೊಂದರಲ್ಲಿ ಕೆಮ್ಮು ಇದೆಯಲ್ಲ, ಯಜಮಾನರು ಒಪ್ಪುವುದಿಲ್ಲ, ಅದನ್ನೂ ನೀವೇ ಓದಿಬಿಡಿ ಎಂದ. ತಂಗಿ ಸರಿ ಎಂದಳು. ಮೂರು ತಿಂಗಳ ಅಭ್ಯಾಸ, ಬಾಯಿಗೆ ತಾನಾಗಿ ಬಂತು. ಒಂದೇ ಸಲಕ್ಕೆ ಓದಿ ಮುಗಿಸಿದಳು. ಅವನು ಪಾಠವನ್ನು ಮೊದಲಿಂದ ಹಾಕಿದ. ಹತ್ತು ಹೋಗಿ ಹನ್ನೊಂದು ಬಂತು, ನಯವಾಗಿ, ನಗುನಗುತ್ತ. ಅಕ್ಕ ಎಲ್ಲಿ ನಿಂತಳು, ತಾನೆಲ್ಲಿ ಶುರುವಾದೆ ಎಂದು ಅವಳಿಗೇ ತಿಳಿಯಲಿಲ್ಲ.

‘ಆ ಹಳೇದನ್ನ ಒಂದ್ಸಲ ಹಾಕ್ತೀರಾ?’ ಎಂದು ಕೇಳಿದಳು. ‘ಕೆಮ್ಮು ಇತ್ತಲ್ಲ, ಅದು.’

‘ಅದರ ಮೇಲೇನೇ ರೆಕಾರ್ಡ್ ಮಾಡಿದ್ದು ಮೇಡಂ. ಅದು ಈಗಿಲ್ಲ.’

ತಂಗಿ ತಲೆಯಾಡಿಸಿದಳು. ಅವನು ವೈರು ಸುತ್ತತೊಡಗಿದ. ಮೈಕಿನ ಮುಂದೆ ಕೂತಲ್ಲೇ ಅವಳು ಕೆಮ್ಮಿ ನೋಡಿದಳು, ಎರಡು ಸಲ ಸಣ್ಣದಾಗಿ, ಆಮೇಲೆ ಒಂದು ಉದ್ದಕ್ಕೆ. ಅದು ಅವಳದೇ ಕೆಮ್ಮಾಗಿತ್ತು. ಗಲ್ಲ ಎತ್ತಿ ಇನ್ನೊಮ್ಮೆ ಕೆಮ್ಮಿದಳು. ಆಗಲೂ ಅಕ್ಕನದು ಬರಲಿಲ್ಲ.

‘ನೀರು ಬೇಕಾ ಮೇಡಂ?’ ಎಂದು ಅವನು ಕೇಳಿದ.

ಬೇಡವೆಂದು ಕೈಯಾಡಿಸಿ, ಮತ್ತೊಮ್ಮೆ ಕೆಮ್ಮಿದಳು.